ಹೊಸ ಲೇತಿನ ನಡುಕ

ಮೂವತ್ತನಾಲ್ಕು ವರ್ಷ ಟರ್ನರ್ ಕೆಲಸ ಮಾಡಿದವನಿಗೆ ಕಾರ್ಖಾನೆಯವರು ಕೊನೆಗೆ ಒಂದು ಮೈಸೂರು ಪೇಟ, ಒಂದು ಶಾಲು, ಒಂದು ಗೋಡೆ ಗಡಿಯಾರ ಕೊಟ್ಟು, ಮ್ಯಾನೇಜರ ಕೈಲಿ ಒಂದು ಭಾಷಣ ಮಾಡಿಸುತ್ತಾರೆ. ಭಾಷಣದಲ್ಲಿ ನನ್ನ ಹೆಸರು ಎರಡು ಸಲ ಚಿಕ್ಕಬಸವಯ್ಯ ಆಯಿತು, ಒಂದು ಸಲ ಚಿಕ್ಕಣ್ಣ ಆಯಿತು. ಚಿಕ್ಕಬಸಪ್ಪ ಎಂಬ ನಾನು ಪೇಟ ಇಟ್ಟುಕೊಂಡು ಮೂವರ ಪರವಾಗಿಯೂ ಕೈಮುಗಿದೆ. ಗಡಿಯಾರ ಮೂರನೇ ದಿನ ನಿಂತಿತು. ಅದನ್ನು ಆರಿಸಿದವನು ಪರ್ಚೇಸ್ ಸೆಕ್ಷನ್ನಿನವನು, ಹಾಗಾಗಿ ಮೂರು ದಿನ ಓಡಿದ್ದೇ ಹೆಚ್ಚು.

ಇಷ್ಟೇ ಆಗಿದ್ದರೆ ನಂಜನಗೂಡಿನ ಬೇರೆ ನಿವೃತ್ತರಂತೆ ನಾನೂ ಬೆಳಿಗ್ಗೆ ಹೊಳೆ ಕಡೆ ವಾಕಿಂಗ್ ಹೋಗಿ, ದೇಶ ಹಾಳಾಯಿತೆಂದು ನಾಲ್ಕು ಜನರ ಜೊತೆ ಒಪ್ಪಿಕೊಂಡು, ಹಸಿವಾದಾಗ ಮನೆಗೆ ಬರುತ್ತಿದ್ದೆ. ಆದರೆ ರಿಟೈರಾಗುವುದಕ್ಕೆ ಎರಡು ವರ್ಷ ಮೊದಲು ನನ್ನನ್ನು ಲೇತಿನ ಮುಂದಿನಿಂದ ಎಬ್ಬಿಸಿ ಸ್ಟೋರ್ಸಿಗೆ ಹಾಕಿದ್ದರು. ಹಿರಿಯರು ನೀವು, ಇನ್ನು ನಿಂತು ದುಡಿಯುವುದು ಬೇಡ ಎಂದು ಎದುರಿಗೆ ಹೇಳಿದರು. ಕಾಗದದಲ್ಲಿ ಬರೆದದ್ದು ಬೇರೆ. ಆ ಕಾಗದ ನನ್ನ ಕಣ್ಣಿಗೆ ಬೀಳಬಾರದಿತ್ತು, ಆದರೆ ಸ್ಟೋರ್ಸಿನಲ್ಲಿ ಕೂತವನ ಕಣ್ಣಿಗೆ ಬೀಳದ ಕಾಗದ ಯಾವುದಿದೆ? 'ಕೈ ನಡುಗುತ್ತದೆ. ರಿಜೆಕ್ಷನ್ ಹೆಚ್ಚಾಗಿದೆ.' ಎರಡೇ ವಾಕ್ಯ. ನನ್ನ ಲೇತನ್ನು ದೇವನೂರಿನ ಸಂಘಮಿತ್ರಾ ಎಂಬ ಹುಡುಗಿಗೆ ಕೊಟ್ಟರು. ಆಕೆ ನನ್ನ ಕೈಕೆಳಗೇ ಕೆಲಸ ಕಲಿತವಳು. ಎರಡು ವರ್ಷ ನಾನು ನಟ್ಟು ಬೋಲ್ಟು ಎಣಿಸಿ ಕೊಡುತ್ತಾ, ಆ ಲೇತಿನ ಸದ್ದನ್ನು ಗೋಡೆಯಾಚೆಯಿಂದ ಕೇಳುತ್ತಾ ಕಳೆದೆ.

ನನ್ನ ಕೈ ನಡುಗುವುದಿಲ್ಲ. ಇದನ್ನು ಸಾಬೀತು ಮಾಡುವುದಕ್ಕೇ ನಾನು ಲೇತ್ ಕೊಂಡದ್ದು. ಮನೆಯಲ್ಲಿ ಕಾರಣ ಬೇರೆ ಹೇಳಿದೆ, ಕಾಲ ಕಳೆಯಬೇಕಲ್ಲ ಎಂದು. ನನ್ನ ಹೆಂಡತಿ ಗುರುಬಸಮ್ಮ ನಂಬಿದಂತೆ ತಲೆಯಾಡಿಸಿದಳು. ಮೂವತ್ತು ವರ್ಷದ ಸಂಸಾರದಲ್ಲಿ ಆಕೆ ನಂಬಿದ್ದಕ್ಕಿಂತ ನಂಬಿದಂತೆ ತಲೆಯಾಡಿಸಿದ್ದೇ ಹೆಚ್ಚು.

ಮೇಜಿನ ಮೇಲೆ ಕೂರುವಂಥ ಸಣ್ಣ ಲೇತ್ ಅದು. ಕಬ್ಬಿಣವನ್ನೋ ಹಿತ್ತಾಳೆಯನ್ನೋ ಹಿಡಿದು ತಿರುಗಿಸಿ, ಹರಿತವಾದ ಟೂಲು ತಗುಲಿಸಿ ಬೇಕಾದ ಆಕಾರಕ್ಕೆ ಕೊರೆಯುವ ಯಂತ್ರ. ಕಾರ್ಖಾನೆಯ ಲೇತಿನ ಮುಂದೆ ಇಟ್ಟರೆ ಎಮ್ಮೆಯ ಪಕ್ಕ ಕರು ಕಟ್ಟಿದ ಹಾಗೆ. ಮರದ ಪೆಟ್ಟಿಗೆಯಲ್ಲಿ ಬಂತು. ಜೊತೆಗೊಂದು ಪುಸ್ತಕ ಬಂತು, ಅದರಲ್ಲಿ ಒಂಬತ್ತು ಭಾಷೆಯಲ್ಲಿ ಎಚ್ಚರಿಕೆ ಇತ್ತು, ಕನ್ನಡ ಇರಲಿಲ್ಲ. ಕನ್ನಡದವರು ಎಚ್ಚರಿಕೆ ಓದುವುದಿಲ್ಲ ಎಂದು ಕಂಪನಿಗೆ ಯಾರೋ ಹೇಳಿರಬೇಕು. ಸುಳ್ಳೇನಲ್ಲ.

ಮನೆಯ ಮುಂದಿನ ಶೆಡ್ಡಿನಲ್ಲಿ ಯಂತ್ರ ಕೂರಿಸಿದ ದಿನವೇ ಗುರುಬಸಮ್ಮ, ಮಠಕ್ಕೆ ತೋರಿಸದೆ ಸ್ವಿಚ್ಚು ಹಾಕಕೂಡದು ಎಂದಳು. ನಮ್ಮ ಮನೆಯಲ್ಲಿ ಹೊಸ ಮಿಕ್ಸಿಗೂ ಅದೇ ಕಾನೂನು. ಮಿಕ್ಸಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗಬಹುದು, ನೂರು ಕೆಜಿಯ ಲೇತನ್ನು ಹೇಗೆ ಒಯ್ಯುವುದು? ಮಠದ ಸ್ವಾಮಿಗಳು, ನಮ್ಮ ಬುದ್ಧಿಯೋರು, ಮಠ ಬಿಟ್ಟು ಬರುವ ಹಾಗಿರಲಿಲ್ಲ. ಕೊನೆಗೆ ಉಪಾಯ ಹೂಡಿದವನು ನಾನೇ. ಲೇತಿಗೆ ಚಕ್ ಎಂಬ ಭಾಗವಿದೆ. ಕೊರೆಯಬೇಕಾದ ತುಂಡನ್ನು ಮೂರು ದವಡೆಯಲ್ಲಿ ಕಚ್ಚಿ ಹಿಡಿದು ಗಿರಗಿರ ತಿರುಗುವ ದಪ್ಪ ಉಕ್ಕಿನ ಬಿಲ್ಲೆ. ಹಿಂದಿನ ಮೂರು ನಟ್ಟು ಬಿಚ್ಚಿದರೆ ಕೈಗೆ ಬರುತ್ತದೆ. ಅದನ್ನು ಬಿಚ್ಚಿ, ರೇಷ್ಮೆ ಪಂಚೆಯಲ್ಲಿ ಸುತ್ತಿ, ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆವು.

ಬುದ್ಧಿಯೋರು ಏನಪ್ಪ ಇದು ಎಂದು ಕೇಳಿದರು. ಯಂತ್ರದ ತಲೆ, ಬುದ್ಧಿ, ಎಂದೆ. ಮುಂಡ ಎಲ್ಲಿ ಎಂದು ಕೇಳಿದರು. ಮನೆಯಲ್ಲಿದೆ, ಬುದ್ಧಿ, ಎಂದೆ. ಅವರು ಇದಕ್ಕಿಂತ ವಿಚಿತ್ರವಾದದ್ದನ್ನೂ ಕಂಡಿರಬೇಕು, ಮುಖದಲ್ಲಿ ಏನೂ ತೋರಗೊಡಲಿಲ್ಲ. ಚಕ್ಕಿಗೆ ಮೂರು ಪಟ್ಟೆ ವಿಭೂತಿ ಬಳಿದು, ಪತ್ರೆ ಇಟ್ಟು, ಮೇಲೆ ಧಾರಾಳವಾಗಿ ಅಕ್ಷತೆ ಹಾಕಿ ಹರಸಿ ಕೊಟ್ಟರು. ಪ್ರಸಾದ ಒರೆಸಬಾರದು ಎಂದು ಗುರುಬಸಮ್ಮ ಬಸ್ಸಿನಲ್ಲೇ ಅಪ್ಪಣೆ ಮಾಡಿದಳು. ಮನೆಗೆ ಬಂದು, ಕೈಕಾಲು ತೊಳೆದುಕೊಂಡು, ಚಕ್ಕನ್ನು ಹಾಗೆಯೇ ಅದರ ಜಾಗಕ್ಕೆ ಏರಿಸಿ ಮೂರು ನಟ್ಟು ಬಿಗಿದೆ. ಊದಿನಕಡ್ಡಿ ಹಚ್ಚಿ, ತೆಂಗಿನಕಾಯಿ ಒಡೆದು, ಸ್ವಿಚ್ಚು ಹಾಕಿದೆ.

ಲೇತ್ ನಡುಗಿತು.

ನಿಧಾನಕ್ಕೆ ತಿರುಗುವಾಗ ಸಣ್ಣಗೆ ಗುನುಗಿತು. ವೇಗ ಏರಿಸಿದಂತೆ ಮೇಜು, ಮೇಜಿನ ಮೇಲಿನ ಎಣ್ಣೆ ಡಬ್ಬಿ, ಗೋಡೆಯ ಮೇಲೆ ನಿಂತುಹೋಗಿದ್ದ ಗಡಿಯಾರ ಎಲ್ಲವೂ ಗಡಗಡ ಎಂದವು. ಗಡಿಯಾರದ ಮುಳ್ಳು ಎರಡು ನಿಮಿಷ ಮುಂದಕ್ಕೂ ಹೋಯಿತು. ಹಿತ್ತಾಳೆಯ ತುಂಡೊಂದನ್ನು ಕೊರೆದು ನೋಡಿದರೆ ಕನ್ನಡಿಯಂತಿರಬೇಕಾದ ಮೈಯ ಮೇಲೆ ಅಲೆಅಲೆಯಾಗಿ ಗೆರೆ. ಅಂಥ ಗೆರೆಯನ್ನು ನಾನು ಮೊದಲೂ ನೋಡಿದ್ದೆ. ಸ್ಟೋರ್ಸಿಗೆ ಹೋಗುವ ಹಿಂದಿನ ವರ್ಷ ನನ್ನ ಮಾಲಿನ ಮೇಲೆ ಅದೇ ಗೆರೆ ಇದೆ ಎಂದು ಇನ್‌ಸ್ಪೆಕ್ಷನ್ನಿನವರು ಬೆರಳು ತೋರಿಸುತ್ತಿದ್ದರು.

ನನಗೆ ಹೆದರಿಕೆಯಾಯಿತು. ಆಮೇಲೆ ಸಮಾಧಾನವೂ ಆಯಿತು, ಏಕೆಂದರೆ ಮೇಜು ನಡುಗುತ್ತಿರುವುದು ಕಣ್ಣಿಗೇ ಕಾಣುತ್ತಿತ್ತು. ನಡುಗುತ್ತಿರುವುದು ಯಂತ್ರ. ಇದಕ್ಕಿಂತ ಒಳ್ಳೆಯ ಸುದ್ದಿ ರಿಟೈರಾದ ಈ ಎಂಟು ತಿಂಗಳಲ್ಲಿ ಬಂದಿರಲಿಲ್ಲ.

ಆದರೆ ಕೆಲಸ ಒಪ್ಪಿಕೊಂಡಾಗಿತ್ತು. ಟಿ. ನರಸೀಪುರದ ಬಸ್‌ಸ್ಟ್ಯಾಂಡಿನ ಹತ್ತಿರ ವರ್ಕ್‌ಶಾಪ್ ಇಟ್ಟಿರುವ ಕಾಂತರಾಜು ನನ್ನ ಜೊತೆಗೇ ಕಾರ್ಖಾನೆಗೆ ಸೇರಿದವನು, ನನಗಿಂತ ಹತ್ತು ವರ್ಷ ಮೊದಲೇ ಬಿಟ್ಟ ಜಾಣ. ಕಬ್ಬಿನ ಹಾಲು ತೆಗೆಯುವ ಗಾಡಿಗಳ ರಿಪೇರಿ ಅವನಲ್ಲಿ ವರ್ಷವಿಡೀ ಇರುತ್ತದೆ. ಆ ಗಾಡಿಯ ರೋಲರಿನ ಅಚ್ಚಿಗೆ ಬಳೆಯಂತೆ ಹಾಕುವ ಗನ್‌ಮೆಟಲ್ ಬುಶ್ಶು ಹನ್ನೆರಡು ಮಾಡಿಕೊಡು, ಸರಿಬಂದರೆ ಈ ಕೆಲಸವೆಲ್ಲ ನಿನಗೇ ಎಂದಿದ್ದ. ಕೊಡಬೇಕಾದ ದಿನ ಸೋಮವಾರ. ಸ್ನೇಹಕ್ಕಾಗಿ ಕೊಡುತ್ತಿದ್ದಾನೋ ಪರೀಕ್ಷೆಗಾಗಿ ಕೊಡುತ್ತಿದ್ದಾನೋ ಎಂದು ನಾನು ಕೇಳಲಿಲ್ಲ. ಕಾರ್ಖಾನೆಯ ಕಾಗದದ ಎರಡು ವಾಕ್ಯ ನಂಜನಗೂಡಿನಿಂದ ನರಸೀಪುರಕ್ಕೆ ಬಸ್ಸಿಗಿಂತ ಮೊದಲೇ ತಲುಪಿರುತ್ತದೆ ಎಂಬುದು ನನಗೆ ಗೊತ್ತಿತ್ತು.

ರೋಗ ಹುಡುಕಲು ಕೂತೆ. ನನ್ನ ಟೂಲ್ ಪೆಟ್ಟಿಗೆಯಲ್ಲಿ ಹಳೇ ಕಾಲದ ದಪ್ಪ ಐದು ರೂಪಾಯಿ ನಾಣ್ಯ ಒಂದಿದೆ. ಲೇತ್ ಓಡುತ್ತಿರುವಾಗ ಚಕ್ಕಿನ ಹಿಂದಿರುವ, ತಿರುಗದ ಪೆಟ್ಟಿಗೆಯ ಮೇಲೆ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಬೇಕು. ನಿಂತರೆ ಯಂತ್ರ ಸರಿ, ಬಿದ್ದರೆ ನಡುಕ. ಕಾರ್ಖಾನೆಯಲ್ಲಿ ಎಷ್ಟೋ ಜನಕ್ಕೆ ಈ ಪರೀಕ್ಷೆ ಕಲಿಸಿದವನು ನಾನು. ಈಗ ನಿಲ್ಲಿಸಲು ಹೋದೆ, ಬಿತ್ತು. ಬೀಳಲೇಬೇಕಲ್ಲ. ಯಂತ್ರ ಆಫ್ ಮಾಡಿ ನಿಲ್ಲಿಸಿದೆ. ಆಗಲೂ ಬಿತ್ತು. ಮೂರು ಸಲ ಬಿತ್ತು. ನಿಂತ ಯಂತ್ರದ ಮೇಲೂ ನಾಣ್ಯ ನಿಲ್ಲುವುದಿಲ್ಲ ಎಂದರೆ ದೋಷ ಯಂತ್ರಕ್ಕಿಂತ ಕೆಳಗಿದೆ, ಮೇಜು ಡೊಂಕು ಎಂದು ತೀರ್ಮಾನಿಸಿದೆ. ಇಷ್ಟು ಚೆನ್ನಾಗಿ ಯೋಚಿಸುವ ತಲೆಯನ್ನು ಸ್ಟೋರ್ಸಿನಲ್ಲಿ ಕೂರಿಸಿದರಲ್ಲ ಎಂದು ನನಗೇ ನೋವಾಯಿತು.

ಮೇಜು ತೆಗೆಸಿ, ಇಟ್ಟಿಗೆ ಕಟ್ಟಿ, ಮೇಲೆ ಕಲ್ಲು ಚಪ್ಪಡಿ ಹಾಕಿಸಿದೆ. ಗುರುಬಸಮ್ಮನ ಬಟ್ಟೆ ಒಗೆಯುವ ಕಲ್ಲು ಅದು. ಇನ್ನು ಬಟ್ಟೆ ಎಲ್ಲಿ ಒಗೆಯಲಿ ಎಂದು ಕೇಳಿದಳು, ವಿಜ್ಞಾನದ ಮುಂದೆ ಬಟ್ಟೆ ದೊಡ್ಡದಲ್ಲ ಎಂದೆ. ಲೇತ್ ನಡುಗಿತು. ರಸಮಟ್ಟ ಇಟ್ಟು ನಾಲ್ಕು ಕಾಲಿಗೂ ತಗಡು ಕೊಟ್ಟೆ. ನಡುಗಿತು. ಕಾಲಿನ ಕೆಳಗೆ ಲಾರಿ ಟೈರಿನ ರಬ್ಬರು ಕೊಟ್ಟೆ. ನಡುಗಿದ್ದಲ್ಲದೆ ಈಗ ಕುಣಿಯಿತು. ಮೈಸೂರು ಕಡೆಯಿಂದ ರೈಲು ಬರುವಾಗ ನೆಲ ಅದುರುತ್ತದೆ, ಅದೇ ಕಾರಣ ಎಂದು ಎರಡು ದಿನ ನಂಬಿದೆ. ರೈಲು ದಿನಕ್ಕೆ ಕೆಲವೇ ಸಲ ಬರುತ್ತದೆ, ಲೇತ್ ಸ್ವಿಚ್ಚು ಹಾಕಿದಾಗಲೆಲ್ಲ ನಡುಗುತ್ತದೆ ಎಂಬುದನ್ನು ಗುರುಬಸಮ್ಮ ಸೊಪ್ಪು ಬಿಡಿಸುತ್ತಾ ತೋರಿಸಿಕೊಟ್ಟಳು.

ಬೆಲ್ಟು ಪೆಟ್ಟಿಗೆಯಲ್ಲಿ ಮಡಿಚಿ ಕೂತು ಸೊಟ್ಟಗಾಗಿದೆ ಎಂದು ಮೈಸೂರಿನಿಂದ ಹೊಸ ಬೆಲ್ಟು ತಂದೆ. ಟೂಲು ಬದಲಿಸಿದೆ, ಅದರ ಎತ್ತರ ಬದಲಿಸಿದೆ, ಹೊರಗೆ ಚಾಚಿದ್ದನ್ನು ಒಳಗೆಳೆದೆ. ಜಾರುವ ಭಾಗಗಳ ಸ್ಕ್ರೂ ಬಿಗಿ ಮಾಡಿದೆ, ಸಡಿಲ ಮಾಡಿದೆ, ಮತ್ತೆ ಬಿಗಿ ಮಾಡಿದೆ. ಬೇರಿಂಗಿಗೆ ಸ್ಕ್ರೂಡ್ರೈವರ್ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಡಾಕ್ಟರರಂತೆ ಕೇಳಿದೆ. ಯಂತ್ರದ ಎಲ್ಲ ಭಾಗವನ್ನೂ ನೋಡಿದೆ, ಚಕ್ಕಿಗೆ ಮಾತ್ರ ಕೈ ಹಾಕಲಿಲ್ಲ. ಅದರ ಮೇಲೆ ವಿಭೂತಿ ಇತ್ತು. ಬುದ್ಧಿಯೋರು ಹರಸಿದ ಭಾಗವನ್ನು ಅನುಮಾನಿಸುವುದು ಯಾವ ಪುಸ್ತಕದಲ್ಲಿದೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಒಂದು ವಾರ ಯಂತ್ರದ ಬೇರೆ ಎಲ್ಲ ಅಂಗಕ್ಕೂ ಬರೆ ಹಾಕಿದೆ.

ಕಂಪನಿಯವರಿಗೂ ಫೋನು ಮಾಡಿದೆ. ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಇಪ್ಪತ್ತು ನಿಮಿಷ ಸಂಗೀತ ಕೇಳಿಸಿದರು. ಆಮೇಲೆ ಬಂದ ಹುಡುಗ ಪ್ಲಗ್ ಹಾಕಿದ್ದೀರಾ ಸರ್ ಎಂದು ಕೇಳಿದ. ಹಾಕದೆ ನಡುಗುತ್ತಿದ್ದರೆ ಫೋನು ನಿನಗೆ ಮಾಡುತ್ತಿರಲಿಲ್ಲ, ಮಂತ್ರವಾದಿಗೆ ಮಾಡುತ್ತಿದ್ದೆ ಎಂದೆ. ಅವನು ನನ್ನ ವಯಸ್ಸು ಕೇಳಿದ. ಫಾರಂ ತುಂಬಲಿಕ್ಕಂತೆ. ನಾನು ಫೋನಿಟ್ಟೆ.

ಇಷ್ಟೆಲ್ಲದರ ನಡುವೆ ಗುರುಬಸಮ್ಮ ದಿನಕ್ಕೆ ಮೂರು ಸಲ ಕಾಫಿ ತಂದುಕೊಡುತ್ತಿದ್ದಳು, ಅರ್ಧ ಲೋಟ. ಮೂರು ವರ್ಷದಿಂದ ನಮ್ಮ ಮನೆಯಲ್ಲಿ ನನಗೆ ಅರ್ಧ ಲೋಟವೇ. ಹಾಲಿನ ಡೇರಿಯವರು ನಿನಗೆ ಪ್ರಶಸ್ತಿ ಕೊಡಬೇಕು, ಉಳಿಸಿದ ಹಾಲಿನಲ್ಲಿ ಇನ್ನೊಂದು ಹಳ್ಳಿ ಸಾಕಬಹುದು ಎಂದು ನಾನು ಆಡಿಕೊಳ್ಳುತ್ತಿದ್ದೆ. ಬೇಕಾದರೆ ಇನ್ನೊಂದರ್ಧ ತರುತ್ತೇನೆ ಎನ್ನುತ್ತಿದ್ದಳು. ತರುತ್ತಿದ್ದಳು ಕೂಡ, ಮತ್ತೆ ಅರ್ಧವೇ.

ಶುಕ್ರವಾರ ಇದ್ದದ್ದರಲ್ಲಿ ಚೆನ್ನಾಗಿ ಬಂದ ಒಂದು ಬುಶ್ಶನ್ನು ಜೇಬಿನಲ್ಲಿಟ್ಟುಕೊಂಡು ನರಸೀಪುರದ ಬಸ್ಸು ಹತ್ತಿದೆ. ಕಾಂತರಾಜು ಅದನ್ನು ಬೆಳಕಿಗೆ ಹಿಡಿದು ನೋಡಿದ. ಉಗುರಿನಿಂದ ಗೀರಿದ. ಒಳಗೆ ಬೆರಳು ತೂರಿಸಿ ತಿರುಗಿಸಿದ. ನಾನು ಯಂತ್ರದ ಕಥೆ ಹೇಳಿದೆ, ಮೇಜು, ನೆಲ, ರೈಲು, ಬೆಲ್ಟು ಎಲ್ಲವನ್ನೂ. ಅವನು ಪೂರ್ತಿ ಕೇಳಿಸಿಕೊಂಡ. ಗೆಳೆಯರು ಮಾತು ಪೂರ್ತಿ ಕೇಳಿಸಿಕೊಂಡರೆ ಅಪಾಯ ಹತ್ತಿರದಲ್ಲಿದೆ ಎಂದರ್ಥ.

"ಕುಣಿಲಾರ್ದೋಳು ನೆಲ ಡೊಂಕು ಅಂದ್ಲಂತೆ," ಎಂದ. "ಬೇಜಾರ್ ಮಾಡ್ಕಬ್ಯಾಡ ಕಣ್ಲಾ ಬಸಪ್ಪ. ಒಂದ್ಸಲ ಮೈಸೂರ್ಗೋಗಿ ಕೈ ತೋರ್ಸು."

ನಾನು ಬುಶ್ಶು ಕಿತ್ತುಕೊಂಡೆ. ಸೋಮವಾರ ಹನ್ನೆರಡೂ ತಂದು ನಿನ್ನ ಮೇಜಿನ ಮೇಲೆ ಸುರಿಯುತ್ತೇನೆ, ಆಗ ಯಾರು ಯಾರ ಕೈ ನೋಡಬೇಕೋ ನೋಡೋಣ ಎಂದೆ. ಅವನು ಎಳನೀರು ತರಿಸುತ್ತೇನೆ ಕೂತುಕೋ ಎಂದ. ಕೂರಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಎಡಗೈಯಿಂದ ಬಲಗೈಯನ್ನು ತೊಡೆಗೆ ಒತ್ತಿ ಹಿಡಿದುಕೊಂಡು ಬಂದೆ. ಬಸ್ಸು ಬಹಳ ಕುಲುಕುತ್ತಿತ್ತು. ಆ ರಸ್ತೆಯೇ ಹಾಗೆ, ಯಾರನ್ನು ಬೇಕಾದರೂ ಕೇಳಿ.

ಭಾನುವಾರ ಬೆಳಿಗ್ಗೆ ಶೆಡ್ಡಿನ ಬಾಗಿಲಲ್ಲಿ ಸಂಘಮಿತ್ರಾ ನಿಂತಿದ್ದಳು. ಕೈಯಲ್ಲಿ ಟೂಲಿನ ಚೀಲ. ಎಂಟು ವರ್ಷ ಕಾರ್ಖಾನೆಯ ಒಂದೇ ಶೆಡ್ಡಿನಲ್ಲಿ ಕೆಲಸ ಮಾಡಿದ್ದೆವು, ದೇವನೂರಿನ ಬಸ್ಸು ನಮ್ಮ ಬೀದಿಯ ತುದಿಯಲ್ಲೇ ನಿಲ್ಲುತ್ತದೆ, ಆದರೂ ಮನೆಗೆ ಬಾ ಎಂದು ನಾನು ಒಂದು ದಿನವೂ ಕರೆದಿರಲಿಲ್ಲ. ಕಾರಣ ಕೇಳಬೇಡಿ. ನಮ್ಮ ಕಡೆ ಅಂಥ ಕಾರಣವನ್ನು ಯಾರೂ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ.

"ಅಮ್ಮಾರು ಫೋನ್ ಮಾಡಿದ್ರು ಸಾ," ಎಂದಳು.

ಅಮ್ಮಾರು ಅಡುಗೆಮನೆಯಲ್ಲಿ ಪಾತ್ರೆಗಳನ್ನು ಅಗತ್ಯಕ್ಕಿಂತ ಜೋರಾಗಿ ಸದ್ದು ಮಾಡುತ್ತಾ ತೊಳೆಯುತ್ತಿದ್ದರು. ಬೀಳ್ಕೊಡುಗೆಯ ದಿನ ನಾನು ಪೇಟ ಸರಿಮಾಡಿಕೊಳ್ಳುತ್ತಿದ್ದಾಗ ಈ ಇಬ್ಬರೂ ನಂಬರು ಬದಲಾಯಿಸಿಕೊಂಡಿದ್ದರೆಂದು ಆಗಲೇ ನನಗೆ ತಿಳಿದದ್ದು. ನನ್ನ ಲೇತನ್ನು ಕಿತ್ತುಕೊಂಡವಳು ಈಗ ಮನೆಗೇ ಬಂದಳಲ್ಲ ಎಂದು ಸಿಟ್ಟು ಬಂತು. ಆದರೆ ಸೋಮವಾರಕ್ಕೆ ಒಂದು ದಿನ ಉಳಿದಿತ್ತು, ಕೊಡುವಂಥ ಬುಶ್ಶು ಒಂದೂ ಆಗಿರಲಿಲ್ಲ. ನೋಡಮ್ಮ, ನಿನ್ನ ಕಾಲದವರಿಗೆ ಏನಾದರೂ ಹೊಳೆಯುತ್ತದೇನೋ ಎಂದು ಗೋಡೆಗೆ ಹೇಳಿದೆ.

ಅವಳು ಸ್ವಿಚ್ಚು ಹಾಕಿ, ವೇಗವನ್ನು ಸ್ವಲ್ಪ ಸ್ವಲ್ಪವೇ ಏರಿಸಿ ಕೇಳಿದಳು. ಆಫ್ ಮಾಡಿದಳು. ಚೀಲದಿಂದ ಡಯಲ್ ತೆಗೆದಳು. ಸಣ್ಣ ಗಡಿಯಾರದಂಥದು, ಕೂದಲೆಳೆಯಷ್ಟು ವಾರೆಯಿದ್ದರೂ ಮುಳ್ಳು ತೋರಿಸುತ್ತದೆ. ಅದನ್ನು ಚಕ್ಕಿನ ಮುಖಕ್ಕೆ ತಗುಲಿಸಿ, ಚಕ್ಕನ್ನು ಕೈಯಲ್ಲಿ ಮೆಲ್ಲನೆ ತಿರುಗಿಸಿದಳು. ಮುಳ್ಳು ಒಂದು ಕಡೆ ಹೋಗಿ, ಹಾರಿ, ವಾಪಸ್ಸು ಬಂತು.

"ಚಕ್ಕು ವಾರೆ ಕೂತದೆ ಸಾ. ಬಿಚ್ಚಲಾ?"

ಅದು ಮಠದಲ್ಲಿ ಹರಸಿದ್ದು, ಬಿಚ್ಚುವ ಹಾಗಿಲ್ಲ ಎನ್ನಲು ಬಾಯಿ ತೆರೆದೆ. ಹೇಳಲು ನಾಚಿಕೆಯಾಯಿತು. ತಲೆಯಾಡಿಸಿದೆ. ಅವಳು ಮೂರು ನಟ್ಟು ಬಿಚ್ಚಿ ಚಕ್ಕನ್ನು ಎಳೆದು ತೆಗೆದು, ಹಿಂಭಾಗವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಚಕ್ ಕೂರುವ ನುಣುಪಾದ ಉಕ್ಕಿನ ಮುಖದ ಮೇಲೆ ಅರಿಶಿನದ ಒಂದು ಚುಕ್ಕೆ. ಉಗುರಿನಿಂದ ಎಬ್ಬಿಸಿ ಅಂಗೈಗೆ ಹಾಕಿಕೊಂಡಳು. ಅರ್ಧ ನುಚ್ಚಾದ ಒಂದು ಅಕ್ಕಿ ಕಾಳು.

ಮೂವತ್ತನಾಲ್ಕು ವರ್ಷ ನಾನು ಕೆಲಸ ಕಲಿಸಿದವರಿಗೆಲ್ಲ ಮೊದಲ ದಿನದ ಪಾಠ ಒಂದೇ: ಚಕ್ ಏರಿಸುವ ಮುಂಚೆ ಹಿಂದಿನ ಮುಖವನ್ನು ಬಟ್ಟೆಯಲ್ಲಿ ಒರೆಸು, ಆಮೇಲೆ ಅಂಗೈಯಲ್ಲಿ ಒರೆಸು, ಒಂದು ಕೂದಲು ಉಳಿದರೂ ಯಂತ್ರ ಕುಣಿಯುತ್ತದೆ. ಇದೇ ಹುಡುಗಿಯಿಂದ ಒಂದು ಮಧ್ಯಾಹ್ನ ಏಳು ಸಲ ಒರೆಸಿಸಿದ್ದೆ, ಏಳನೇ ಸಲಕ್ಕೆ ಅವಳ ಕಣ್ಣಲ್ಲಿ ನೀರಿತ್ತು. ಅವಳು ಈಗ ಅದನ್ನೆಲ್ಲ ಹೇಳಬಹುದಿತ್ತು. ಬದಲಿಗೆ ಅಕ್ಕಿ ಕಾಳನ್ನು ಏನು ಮಾಡಲಿ ಎಂಬಂತೆ ನನ್ನ ಮುಖ ನೋಡಿದಳು.

ಅದು ಅಕ್ಷತೆ, ಪ್ರಸಾದ, ಬಿಸಾಡಬೇಡ ಎಂದೆ.

"ನಮ್ಮನೇಲಿ ಅಕ್ಷತೆ ಹಾಕಲ್ಲ ಸಾ. ನನ್ ಕಣ್ಗೆ ಅಕ್ಕಿನೇ ಕಂಡದ್ದು," ಎಂದು ಅದನ್ನು ಕಿಟಕಿಯ ಕಟ್ಟೆಯ ಮೇಲೆ ಮರ್ಯಾದೆಯಿಂದ ಇಟ್ಟಳು.

ನಾನು ಕೂಡಲೇ ಅಡುಗೆಮನೆಯ ಕಡೆ ತಿರುಗಿ, ನಿನ್ನ ಮಾತು ಕೇಳಿದ್ದಕ್ಕೆ ಹೀಗಾಯಿತು, ಒರೆಸಬೇಡ ಎಂದವಳು ನೀನೇ ಎಂದು ಕೂಗಿದೆ. ಗುರುಬಸಮ್ಮ ರೊಟ್ಟಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ತಾನು ಒರೆಸಬೇಡಿ ಅಂದದ್ದು ಮುಂದಿನ ವಿಭೂತಿಯನ್ನು, ಯಂತ್ರಕ್ಕೆ ಹಿಂದೆಯೂ ಒಂದು ಮುಖ ಇದೆಯೆಂದು ತನಗೇನು ಗೊತ್ತು, ಟರ್ನರ್ ಯಾರು ಈ ಮನೆಯಲ್ಲಿ ಎಂದು ಕೇಳಿದಳು. ಬುದ್ಧಿಯೋರ ತಪ್ಪೂ ಅಲ್ಲ, ಕಂಪನಿಯ ತಪ್ಪೂ ಅಲ್ಲ, ರೈಲಿನದಂತೂ ಅಲ್ಲವೇ ಅಲ್ಲ. ಅವರೆಲ್ಲರ ಹತ್ತಿರ ನಾನು ಮನಸ್ಸಿನಲ್ಲೇ ಕ್ಷಮೆ ಕೇಳಿದೆ, ರೈಲ್ವೆಯವರ ಹತ್ತಿರ ಮೊದಲು.

ಸಂಘಮಿತ್ರಾ ಚಕ್ಕಿನ ಹಿಂದಿನ ಮುಖ ಒರೆಸಿದಳು, ಬಟ್ಟೆಯಲ್ಲಿ ಒಮ್ಮೆ, ಅಂಗೈಯಲ್ಲಿ ಒಮ್ಮೆ. ಚಕ್ ಏರಿಸಿ ನಟ್ಟು ಬಿಗಿದು ಡಯಲ್ ಇಟ್ಟಳು. ಮುಳ್ಳು ಅಲುಗಲಿಲ್ಲ. ಸ್ವಿಚ್ಚು ಹಾಕಿ ವೇಗವನ್ನು ಪೂರ್ತಿ ಏರಿಸಿದಳು. ಲೇತ್ ಸಣ್ಣಗೆ ಒಂದೇ ಸಮನೆ ಗುನುಗಿತು. ಎಣ್ಣೆ ಡಬ್ಬಿ ಸುಮ್ಮನೆ ಕೂತಿತ್ತು. ಗೋಡೆ ಗಡಿಯಾರ ತನ್ನ ಹಳೆಯ ನಿಷ್ಠೆಗೆ ಮರಳಿ ನಿಂತೇ ಇತ್ತು.

ನನಗಾದ ಸಂತೋಷ ಹೇಳತೀರದು. ಸಿಕ್ಕಿತಲ್ಲ ರೋಗ. ಒಂದು ವಾರದಿಂದ ನಡುಗಿದ್ದು ಯಂತ್ರ, ನಾನಲ್ಲ. ಕಾಂತರಾಜು ಇಲ್ಲಿರಬೇಕಿತ್ತು, ಆ ಕಾಗದ ಬರೆದವನೂ ಇರಬೇಕಿತ್ತು. ಅವರಿಲ್ಲದಿದ್ದರೂ ಇಬ್ಬರು ಸಾಕ್ಷಿಗಳಿದ್ದರು. ಟೂಲ್ ಪೆಟ್ಟಿಗೆಯಿಂದ ನನ್ನ ಐದು ರೂಪಾಯಿ ನಾಣ್ಯ ತೆಗೆದೆ. ನೆನಪಿದೆಯೇನಮ್ಮ ಈ ಪರೀಕ್ಷೆ ಎಂದು ಕೇಳಿದೆ. ನೆನಪಿದೆ, ಬೇಡ ಬಿಡಿ ಸಾ, ಡಯಲ್ ತೋರಿಸಿತಲ್ಲ ಎಂದಳು. ಅವಳು ಬೇಡ ಎಂದದ್ದನ್ನು ಆಗ ನಾನು ಕೇಳಿಸಿಕೊಳ್ಳಬೇಕಿತ್ತು.

ಓಡುತ್ತಿದ್ದ ಲೇತಿನ ಪೆಟ್ಟಿಗೆಯ ಮೇಲೆ ನಾಣ್ಯವನ್ನು ಅಂಚಿನ ಮೇಲೆ ಇಟ್ಟು ಬೆರಳು ತೆಗೆದೆ. ಬಿತ್ತು.

ಮೊದಲನೇ ಸಲ ಹಾಗಾಗುತ್ತದೆ. ಎರಡನೇ ಸಲ ಉಸಿರು ಹಿಡಿದು ಇಟ್ಟೆ. ನಾಣ್ಯ ನನ್ನ ಬೆರಳಿನ ನಡುವೆಯೇ ಟಕಟಕ ಎಂದು ಕಬ್ಬಿಣಕ್ಕೆ ಬಡಿಯುವ ಸದ್ದು ಮೂವರಿಗೂ ಕೇಳಿಸಿತು. ಬಿತ್ತು. ಮೂರನೇ ಸಲ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು ಇಟ್ಟೆ. ಉರುಳಿ ನೆಲಕ್ಕೆ ಬಿದ್ದು ಗುರುಬಸಮ್ಮನ ಕಾಲ ಹತ್ತಿರ ಹೋಗಿ ಮಲಗಿತು. ಕಲ್ಲು ಚಪ್ಪಡಿ ಸರಿಯಾಗಿ ಕೂತಿಲ್ಲ ಎಂದು ಹೇಳಿದೆ.

ಗುರುಬಸಮ್ಮ ಬಗ್ಗಿ ನಾಣ್ಯ ಎತ್ತಿಕೊಂಡು, ಸೆರಗಿಗೆ ಒರೆಸಿ, ನಾನು ಇಡುತ್ತಿದ್ದ ಜಾಗದಲ್ಲೇ ಇಟ್ಟು ಬೆರಳು ತೆಗೆದಳು. ಹಿಟ್ಟಿನ ಕೈ. ಅವಳು ಬದುಕಿನಲ್ಲಿ ಮುಟ್ಟಿದ ಮೊದಲ ಲೇತ್ ಅದು.

ನಾಣ್ಯ ನಿಂತಿತು.

ನಿಂತೇ ಇತ್ತು. ಲೇತ್ ಓಡುತ್ತಿತ್ತು, ನಾಣ್ಯ ಗೋಡೆಗೆ ಮೊಳೆ ಹೊಡೆದಂತೆ ನಿಂತಿತ್ತು. ಅದನ್ನು ಬೀಳಿಸಲು ಒಂದು ರೈಲಾದರೂ ಬರಲಿ ಎಂದು ನಾನು ಕಾದೆ. ಬೇಕಾದಾಗ ರೈಲು ಬರುವುದಿಲ್ಲ. ಗುರುಬಸಮ್ಮನ ಮುಖದಲ್ಲಿ ಗೆದ್ದ ಸಂತೋಷ ಇರಲಿಲ್ಲ, ತಪ್ಪು ಮಾಡಿದವಳಂತೆ ನೆಲ ನೋಡಿದಳು. ಒಲೆಯ ಮೇಲೆ ಹಂಚು ಕಾದಿದೆ ಎಂದು ಒಳಗೆ ಹೋದಳು.

ಸ್ವಿಚ್ಚು ಆಫ್ ಮಾಡಿದವನು ನಾನು. ಯಂತ್ರ ನಿಂತ ಮೇಲೂ ನಾಣ್ಯ ನಿಂತಿತ್ತು. ನನಗೆ ಅಳು ಬಂತು, ಅತ್ತರೆ ಈ ಹುಡುಗಿಯ ಮುಂದೆ ಮರ್ಯಾದೆ ಹೋಗುತ್ತದಲ್ಲ ಎಂದು ಮೂಗು ಒರೆಸಿಕೊಂಡೆ. ಆ ಕಾಗದದ ಎರಡು ವಾಕ್ಯ ನಿಜ. ನನ್ನ ಲೇತನ್ನು ಯಾರೂ ಕಿತ್ತುಕೊಂಡಿರಲಿಲ್ಲ.

"ಯಾವಾಗಿಂದ ಗೊತ್ತಿತ್ತು ನಿಂಗೆ?" ಎಂದು ಕೇಳಿದೆ.

ಅವಳು ಡಯಲನ್ನು ಬಟ್ಟೆಯಲ್ಲಿ ಸುತ್ತಿದಳು. "ಸ್ಟೋರ್ಸ್‌ಗೋಗೋಕ್ ಒಂದ್ ವರ್ಷ ಮುಂಚಿಂದ ಸಾ. ನೀವ್ ಕೊರ್ದಿದ್ದ ಮಾಲ್ನ ಊಟದ್ ಟೈಮಲ್ಲಿ ನಾನೇ ಪಾಲೀಶ್ ಕೊಟ್ಟು ಇನ್‌ಸ್ಪೆಕ್ಷನ್‌ಗೆ ಕಳುಸ್ತಿದ್ದೆ. ಎಲ್ಲಾನೂ ಆಗ್ತಿರ್ಲಿಲ್ಲ."

ನಾನು ಊಟದ ಟೈಮಿನಲ್ಲಿ ನನ್ನವರ ಜೊತೆ, ನಮ್ಮ ಮೂಲೆಯಲ್ಲಿ, ನಮ್ಮ ಬುತ್ತಿ ಬಿಚ್ಚಿಕೊಂಡು ಕೂತಿರುತ್ತಿದ್ದೆ. ಈ ಹುಡುಗಿಗೆ ಊಟಕ್ಕೂ ಯಂತ್ರ ಬಿಡಲು ಮನಸ್ಸಿಲ್ಲ, ಎಷ್ಟು ಆಸೆ ನೋಡಿ ಎಂದು ಅವರಿಗೆ ಹೇಳಿ ನಗಿಸುತ್ತಿದ್ದೆ.

ನಾನು ಲೇತಿನ ಮುಂದಿನಿಂದ ಪಕ್ಕಕ್ಕೆ ಸರಿದೆ. ಹನ್ನೆರಡು ಬುಶ್ಶಿನ ಗನ್‌ಮೆಟಲ್ ಅಲ್ಲಿದೆ, ಡ್ರಾಯಿಂಗ್ ಇಲ್ಲಿದೆ, ನೀನು ನಿಲ್ಲು ಎಂದೆ. ಅವಳು ನೀವು ಫೀಡ್ ಹಾಕಿ, ನಾನು ಟೂಲು ಇಡುತ್ತೇನೆ ಎಂದು ನನಗೂ ಒಂದು ಪಾಲು ಇಡಲು ನೋಡಿದಳು. ಬೇಡ ಎಂದು ಸ್ಟೂಲು ಎಳೆದುಕೊಂಡು ಕೂತೆ. ಹಾಗೆಂದು ಸುಮ್ಮನೆ ಕೂತೆನೆಂದು ತಿಳಿಯಬೇಡಿ. ಟೂಲಿನ ಎತ್ತರ ಸರಿಯಿಲ್ಲ ಎಂದೆ, ಅಷ್ಟು ಆಳ ಒಂದೇ ಸಲ ಬೇಡ ಎಂದೆ, ಎಣ್ಣೆ ಬಿಡು, ಎಣ್ಣೆ ಯಾರ ಅಪ್ಪನದೂ ಅಲ್ಲ, ನನ್ನದೇ ಎಂದೆ. ಬೈಯುವುದಕ್ಕೆ ಕೈ ಬೇಕಾಗುವುದಿಲ್ಲ. ಮೊದಲನೇ ಬುಶ್ಶು ಕೆಳಗಿಳಿದಾಗ ಅದರ ಮೈಯಲ್ಲಿ ಕಿಟಕಿ ಕಾಣುತ್ತಿತ್ತು, ಕಿಟಕಿಯ ಕಟ್ಟೆಯ ಮೇಲಿನ ಅಕ್ಕಿ ಕಾಳು ಕೂಡ.

ನಾಲ್ಕನೆಯದು ನಡೆಯುತ್ತಿರುವಾಗ ಕಾಂತರಾಜುವಿಗೆ ಫೋನು ಮಾಡಿದೆ. ನಾಳೆ ಹನ್ನೆರಡೂ ಬರುತ್ತವೆ ಎಂದೆ. ಹಾಗಾದರೆ ಯಂತ್ರದ್ದೇ ದೋಷವಾ ಎಂದು ಕೇಳಿದ. ಹೌದು ಎಂದುಬಿಡಬಹುದಿತ್ತು. ಅರ್ಧ ನಿಜವೂ ಆಗುತ್ತಿತ್ತು, ಅಕ್ಕಿ ಕಾಳು ಸಾಕ್ಷಿ ಹೇಳುತ್ತಿತ್ತು.

"ಎರಡೂ ನಡುಗ್ತಿದ್ವು ಕಣ್ಲಾ. ಯಂತ್ರದ್ದು ವಾಸಿಯಾಯ್ತು," ಎಂದೆ. "ಬುಶ್ಶು ಕೊರ್ದಿದ್ದು ದೇವನೂರಿನ ಸಂಘಮಿತ್ರಾ. ಮುಂದಕ್ಕೂ ಕೆಲ್ಸ ಅವಳ ಎಸರ್ಗೇ ಕಳ್ಸು."

ಆ ಕಡೆ ಕಾಂತರಾಜು ಸುತ್ತಿಗೆ ಬಡಿಯುತ್ತಿದ್ದವನಿಗೆ ನಿಲ್ಲಿಸು ಎಂದು ಕೂಗಿದ. ಆಮೇಲೆ, ಬುಧವಾರ ನಾನೂ ಬರುತ್ತೇನೆ, ಇಬ್ಬರೂ ಮೈಸೂರಿನ ಡಾಕ್ಟರ ಹತ್ತಿರ ಹೋಗೋಣ ಎಂದ. ಹೂಂ ಎಂದೆ.

ಗುರುಬಸಮ್ಮ ರೊಟ್ಟಿ ಮುಗಿಸಿ ಕಾಫಿ ತಂದಳು, ಒಂದೇ ಜೊತೆಯ ಎರಡು ಸ್ಟೀಲ್ ಲೋಟದಲ್ಲಿ. ಸಂಘಮಿತ್ರಾಳಿಗೆ ಕೊಟ್ಟದ್ದು ಅಂಚಿನವರೆಗೂ ತುಂಬಿತ್ತು. ನನಗೆ ಕೊಟ್ಟದ್ದು ಅರ್ಧ. ಹಾಲಿನ ಮಾತು ನಾಲಿಗೆಯ ತುದಿಗೆ ಬಂದಿತ್ತು, ಮೂರು ವರ್ಷದ ಅಭ್ಯಾಸ. ಅಷ್ಟರಲ್ಲಿ ಲೋಟ ಕೈಗೆ ಬಂತು, ಒಳಗೆ ಕಾಫಿ ಅಂಚಿನ ಹತ್ತಿರಕ್ಕೆ ಏರಿ ಏರಿ ಇಳಿಯುವುದು ಕಾಣಿಸಿತು. ಒಂದು ಹನಿಯೂ ಹೊರಗೆ ಬೀಳಲಿಲ್ಲ. ಮೂರು ವರ್ಷದಲ್ಲಿ ಒಂದು ದಿನವೂ ಬಿದ್ದಿರಲಿಲ್ಲ.

ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದೆ. ಇನ್ನರ್ಧ ತರಲೇ ಎಂದು ಗುರುಬಸಮ್ಮ ಕೇಳಿದಳು. ತಾ ಎಂದೆ.